ನನ್ನ ಬಯಕೆ ಹೊತ್ತವರು

ನಾನು ಸತ್ತ ಸುದ್ದಿಯನ್ನು ನನಗೆ ತಂದವರು ಮೋದಿನಸಾಬ ಕಾಕಾ. ಮಂಗಳವಾರ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕೂತು ಕೌದಿಗೆ ಹಳೆಯ ಸೀರೆಯ ತುಂಡುಗಳನ್ನು ಜೋಡಿಸುತ್ತಿದ್ದೆ. ಓಣಿಯ ತುದಿಯಿಂದ ಅಳು ಕೇಳಿಸಿತು. ಯಾರ ಮನೆಯದೋ ಪಾಪ ಎಂದುಕೊಂಡು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅಳು ನಮ್ಮ ಹೊಸ್ತಿಲಿಗೇ ಬಂದು ನಿಂತಿತು. ಅರವತ್ತೆರಡು ವರ್ಷದ ಮನುಷ್ಯ, ಕೈಯಲ್ಲಿ ಸೇವಂತಿಗೆ ಹಾರ, ಹಿಂದೆ ತಲೆ ತಗ್ಗಿಸಿಕೊಂಡ ಐದಾರು ಜನ. ನನ್ನನ್ನು ಕಂಡಕೂಡಲೇ ಕಾಕಾ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

"ನಿಂಬೆವ್ವಾ, ನೀ ಸತ್ತೀಯಲ್ಲವಾ!" ಎಂದರು.

"ಯಾರ ಹೇಳಿದ್ರು ಕಾಕಾ?"

"ಯಾರ ಹೇಳ್ಬೇಕ? ನನ್ನ ಎದೀನs ಹೇಳ್ತು. ನಸುಕಿನ್ಯಾಗ ಎದ್ದೆ, ಒಳಗ ಏನೂ ಇಲ್ಲ. ಒಲಿ ಆರಿದಂಗ ಆಗೈತಿ. ನಲವತ್ತೆರಡು ವರ್ಷದಾಗ ಒಂದ ದಿನಾನೂ ಹಿಂಗ ಆಗಿದ್ದಿಲ್ಲ."

ಸಾವಿನ ಮನೆಗೆ ಬಂದವರಿಗೆ ಚಹಾ ಕೊಡುವ ಪದ್ಧತಿಯಿಲ್ಲ. ಸತ್ತವಳೇ ಮಾಡಿಕೊಟ್ಟರೆ ಅಡ್ಡಿಯಿರಲಿಕ್ಕಿಲ್ಲ ಎಂದು ಒಲೆಯ ಮೇಲೆ ನೀರಿಟ್ಟೆ. ಜೊತೆಗೆ ಬಂದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಅಷ್ಟು ದೂರ ಅಳುತ್ತ ಬಂದದ್ದು ದಂಡವಾಯಿತಲ್ಲ ಎಂಬ ಬೇಸರ ಅವರ ಮುಖದಲ್ಲಿ ಕಾಣುತ್ತಿತ್ತು. ಕಾಕಾ ಮಾತ್ರ ಗೋಡೆಗೆ ಒರಗಿ ಕೂತು ನನ್ನನ್ನು ನೋಡುತ್ತಲೇ ಇದ್ದರು.

ನಮ್ಮೂರಲ್ಲಿ ಹಸಿವೆ, ನೀರಡಿಕೆ ಅವರವರ ಹೊಟ್ಟೆಯಲ್ಲೇ ಇರುತ್ತವೆ. ಹಸಿವೆ ತೀರಿದ ಮೇಲೂ ಮತ್ತೇನೋ ಬೇಕು ಅನ್ನುತ್ತದಲ್ಲ, ಅದು ಮಾತ್ರ ಬೇರೆಯವರ ಎದೆಯಲ್ಲಿ ಏಳುತ್ತದೆ. ಪ್ರತಿಯೊಬ್ಬರಿಗೂ ಊರಲ್ಲಿ ಎಲ್ಲೋ ಒಬ್ಬ ಹೊರುವವರು ಇರುತ್ತಾರೆ. ನಿನಗೆ ಇಂಥದ್ದು ಬೇಕಾಗಿದೆ ಎಂದು ಅವರು ಬಂದು ಹೇಳಿದಾಗಲೇ ನಮಗೆ ಗೊತ್ತಾಗುವುದು. ಶಾಲೆಯ ಮಾಸ್ತರರ ಹೆಂಡತಿ ಬಸುರಾದಾಗ ಅವಳ ಬಯಕೆಗಳನ್ನೆಲ್ಲ ಹೊತ್ತವನು ಭೀಮಶಿ ಪೈಲವಾನ. ಬಯಕೆ ಊಟಕ್ಕೆ ಮಣೆಯ ಮೇಲೆ ಕೂತವನೂ ಅವನೇ. ಮುತ್ತೈದೆಯರು ಅವನ ಉಡಿಯಲ್ಲಿ ಹೂವು ಹಾಕಿದರು. ಅವನು ಮೀಸೆ ಒರೆಸಿಕೊಳ್ಳುತ್ತ ಏಳು ಥರದ ಸಿಹಿ ತಿಂದು, ಇನ್ನೊಂದಿಷ್ಟು ಮಾವಿನಕಾಯಿ ಉಪ್ಪಿನಕಾಯಿ ಇದ್ದರೆ ಚೆನ್ನಾಗಿತ್ತು ಎಂದು ನಾಚಿದ. ನಮಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ನಮಗೆ ನಗು ಬರುವುದು ಹೊರಗಿನವರನ್ನು ಕಂಡಾಗ. ಊರ ಗಡಿಯಲ್ಲಿರುವ ಹುಣಸೆ ಸಾಲಿನ ಆಚೆಯಿಂದ ಅರಿವೆ ಮಾರುವವರು ಬಂದು, ತಾವೇ ಬೆರಳು ಮಾಡಿ, ತಮಗೇ ಅದು ಬೇಕು ಎಂದು ತಮ್ಮ ಬಾಯಿಂದಲೇ ಹೇಳುತ್ತಾರೆ. ಮಕ್ಕಳು ಕಿಸಕ್ಕನೆ ನಗುತ್ತವೆ, ದೊಡ್ಡವರು ಮುಖ ತಿರುಗಿಸುತ್ತಾರೆ.

ಹೊರುವವರು ಸಿಗುವ ತನಕ ಕೂಸಿಗೆ ಹೆಸರಿಡುವುದಿಲ್ಲ. ನಾನು ಹುಟ್ಟಿದ ಐದನೆಯ ದಿನ, ಇಪ್ಪತ್ತು ವರ್ಷದ ಮೋದಿನಸಾಬ ಪೇಟೆಯಲ್ಲಿ ಒಂದು ಹಂಡೆಗೆ ಕಲಾಯಿ ಹಾಕುತ್ತ ಕೂತಿದ್ದರು. ಇದ್ದಕ್ಕಿದ್ದಂತೆ ಅವರಿಗೆ ಯಾರಾದರೂ ತನ್ನನ್ನು ಎತ್ತಿಕೊಳ್ಳಲಿ ಅನಿಸಿತು. ಆರಡಿ ಆಳು, ಕೈಯಲ್ಲಿ ಇಕ್ಕಳ, ಕಣ್ಣಲ್ಲಿ ನೀರು. ಎಲ್ಲೋ ಕೂಸು ಹುಟ್ಟಿದೆ ಎಂದು ಗೊತ್ತಾಗಿ ಹಂಡೆಯನ್ನು ಬೆಂಕಿಯ ಮೇಲೆಯೇ ಬಿಟ್ಟು ಓಣಿ ಓಣಿ ತಿರುಗಿದರು. ನಮ್ಮ ಮನೆಯ ಬಾಗಿಲಿಗೆ ಬಂದಾಗ ನಾನು ತೊಟ್ಟಿಲಲ್ಲಿ ಚೀರುತ್ತಿದ್ದೆ. ಅವ್ವ ನನ್ನನ್ನು ಎತ್ತಿಕೊಂಡಳು. ಅದೇ ಗಳಿಗೆಗೆ ಕಾಕಾನ ಎದೆ ತಣ್ಣಗಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ಆ ಸಂಜೆಯೇ ನನಗೆ ಹೆಸರಿಟ್ಟರು.

ಪಕ್ಕದ ಮನೆಯಲ್ಲಿ ನಾನು ಹುಟ್ಟಿದ ದಿನವೇ ಹುಟ್ಟಿದ ಇನ್ನೊಂದು ಕೂಸಿತ್ತು, ಕಾಶವ್ವ. ಎರಡು ಮನೆಗೂ ಗೋಡೆ ಒಂದೇ. ಅವಳಿಗೆ ಯಾರೂ ಬರಲಿಲ್ಲ. ಇಪ್ಪತ್ತೊಂದು ದಿನ ಕಾದು, ಕೊನೆಗೆ ಹೊರುವವರಿಲ್ಲದೆಯೇ ಹೆಸರಿಟ್ಟರು. ಬಯಕೆಯೇ ಇಲ್ಲದ ಜೀವ, ಪುಣ್ಯವಂತೆ ಎಂದು ಹಿರಿಯರು ಕೈ ಮುಗಿದರು. ಕೈ ಮುಗಿದು, ಅಳಿದುಳಿದದ್ದನ್ನು ಅವಳಿಗೆ ಕೊಟ್ಟರು.

ನನ್ನದು ತುಂಬಿದ ಮನೆ. ಐದನೆಯ ವರ್ಷಕ್ಕೆ ಕಾಕಾ ಬಂದು, "ನಿಂಬೆವ್ವಗ ಹಸರ ಬಳಿ ಬೇಕಾಗ್ಯಾವ" ಎಂದರು. ಅಪ್ಪ ಡಜನ್ ಬಳೆ ತಂದ. ಆಮೇಲೆ ಜೋಕಾಲಿ, ಆಮೇಲೆ ಕೌದಿ ಹೊಲಿಯುವುದು. ಒಂದೊಂದೂ ಕೈಗೆ ಬಂದಾಗ ಸಂತೋಷ ಎಲ್ಲಿದೆ ಎಂದು ಚಾಪೆಯಲ್ಲಿ ಕಳೆದ ಸೂಜಿ ಹುಡುಕುವ ಹಾಗೆ ನನ್ನ ಒಳಗೆ ತಡಕಾಡುತ್ತಿದ್ದೆ. ಸಿಗುತ್ತಿರಲಿಲ್ಲ. ಎಲ್ಲರದೂ ಹೀಗೇ, ತಂಪು ಆಗುವುದು ಹೊರುವವರಿಗೆ, ನಮಗೆ ಸಿಗುವುದು ಬರೀ ವಸ್ತು ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು. ಆದರೆ ಕಾಕಾನಿಗೂ ತಂಪಾಗುವುದು ತಡವಾಗುತ್ತಿತ್ತು. ಬಳೆ ತೊಟ್ಟು ಎಂಟು ದಿನವಾದರೂ ಅವರ ಮುಂಗೈ ತುರಿಕೆ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಕಾಶವ್ವ ಬಂದು ಬಳೆಗಳನ್ನು ನನ್ನಿಂದ ಇಸಿದುಕೊಂಡು ತೊಟ್ಟು ನೋಡಿದಳು, ಆ ಹೊತ್ತಿಗೆ ನಿಂತಿತಂತೆ. "ನಿನ್ನ ಬಯಕಿ ಭಾಳ ಸಾವಕಾಶ ಆರ್ತಾವವಾ" ಎಂದು ಅವರು ನಗುತ್ತಿದ್ದರು. ನಾವು ಯಾರೂ ಅದನ್ನು ಇದಕ್ಕೆ ಜೋಡಿಸಿ ನೋಡಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಹುಣ್ಣೇ ಪಕ್ಕದವಳ ಅಂಗೈಯಲ್ಲಿದ್ದರೆ ಏನು ಮಾಡುವುದು?

ಇಪ್ಪತ್ತಮೂರಕ್ಕೆ ಕಾಕಾ ಬಂದು, ನನಗೆ ಗಾಣದ ಪರಸಪ್ಪ ಬೇಕಾಗಿದ್ದಾನೆ ಎಂದರು. ಗಂಡನ ಹೆಸರು ಬಾಯಿಗೆ ತರಬಾರದೆಂಬ ಶಾಸ್ತ್ರ ನಮ್ಮೂರಲ್ಲಿಲ್ಲ. ಬಯಕೆಯನ್ನೇ ಓಣಿಯಲ್ಲಿ ನಿಂತು ಹೇಳುವ ಊರಲ್ಲಿ ಹೆಸರು ಮುಚ್ಚಿಟ್ಟು ಏನು ಪ್ರಯೋಜನ? ಅತ್ತ ಪರಸಪ್ಪನನ್ನು ಹೊತ್ತ ತಿಪ್ಪವ್ವನೂ ನನ್ನ ಹೆಸರನ್ನೇ ಹೇಳಿದಳು. ಮದುವೆಯಾಯಿತು. ಒಳ್ಳೆಯ ಮನುಷ್ಯ, ಕುಸುಬಿ ಎಣ್ಣೆಯ ವಾಸನೆ, ಏರಿದ ದನಿಯಲ್ಲಿ ಒಂದು ಮಾತು ಆಡಿದವನಲ್ಲ. ಆದರೂ ಕಾಕಾನ ಎದೆ ಆರಲಿಲ್ಲ. ವರ್ಷ ಕಳೆದರೂ, "ಅಂವ ಬಂದ, ಇದು ಹೋಗವಲ್ದು" ಎನ್ನುತ್ತಿದ್ದರು. ಮದುವೆ ಅಂದರೆ ಹಾಗೇ ಎಂದು ಊರವರೆಲ್ಲ ನಕ್ಕರು. ಹತ್ತೊಂಬತ್ತು ವರ್ಷ ನಾನೂ ನಕ್ಕೆ.

ಕಾಕಾ ಚಹಾ ಕುಡಿದು ಬಟ್ಟಲು ಕೆಳಗಿಡುವಾಗ ಪಕ್ಕದ ಮನೆಯ ಗಂಗವ್ವ ಓಡಿಬಂದಳು. ಅವಳು ಕಾಶವ್ವನ ಅಣ್ಣನ ಹೆಂಡತಿ.

"ಕಾಶವ್ವ ಇಲ್ಲಿಗೆ ಬಂದಾಳೇನ? ಬುಟ್ಟಿ ಇಲ್ಲ, ಆಕಿ ಇಲ್ಲ. ಅರಿವಿ ಮಾರಾಂವನ ಗಾಡ್ಯಾಗ ಕುಂತು ನಸುಕಿನ್ಯಾಗ ಹುಣಸಿ ಸಾಲು ದಾಟಿದ್ದು ನೋಡೇವಿ ಅಂತಾರ."

ಹುಣಸೆ ಸಾಲು ದಾಟಿದವರ ಬಯಕೆ ಊರಿನವರ ಎದೆಗೆ ಮುಟ್ಟುವುದಿಲ್ಲ. ಕಾಕಾ ಎದ್ದು ಹೋಗಿ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಅಂಗೈ ಇಟ್ಟು ನಿಂತರು. ನಾನು ಅವರ ಬೆನ್ನು ನೋಡುತ್ತಿದ್ದೆ. ಆ ಬೆನ್ನು ಅಲುಗತೊಡಗಿತು.

"ಅವತ್ತು ಕಾಶವ್ವನ್ನೂ ಯಾರೋ ಎತ್ತಿಗೊಂಡಿರಬೇಕು," ಎಂದರು. "ಗ್ವಾಡಿ ಆಚೀಕಡೆ. ಅದs ಗಳಿಗಿಗೆ. ನಾ ಮೊದಲ ಸಿಕ್ಕ ಬಾಗಲಕ್ಕ ಬಂದೆ."

"ಹಂಗಂದ್ರ?" ಎಂದಳು ಗಂಗವ್ವ.

"ಹಂಗಂದ್ರ ಬಳಿ ಆಕೀವು. ಕೌದಿ ಆಕೀದು. ಪರಸಪ್ಪನೂ..." ಕಾಕಾ ನನ್ನ ಕಾಲ ಬಳಿ ಕುಸಿದು ಕೂತರು. "ತಪ್ಪಾತವಾ. ಇಬ್ಬರ ಬಾಳೇವೂ ಕೆಡಿಸಿಬಿಟ್ಟೆ."

ನನಗೆ ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ನಾಚಿಕೆ. ಹೊಲಿಯುತ್ತಿದ್ದ ಕೌದಿ ನನ್ನ ಮಡಿಲಲ್ಲೇ ಇತ್ತು, ಅದನ್ನು ಬೇರೆಯವರ ಮನೆಯಲ್ಲಿ ಕೈಗೆ ಸಿಕ್ಕದ್ದನ್ನು ಇಡುವ ಹಾಗೆ ನಾಜೂಕಾಗಿ ಪಕ್ಕಕ್ಕಿಟ್ಟೆ. ಅಟ್ಟ, ಡಬ್ಬಿ, ಗೂಟಕ್ಕೆ ತೂಗುಹಾಕಿದ ಗಂಡನ ಅಂಗಿ, ಎಲ್ಲವನ್ನೂ ನೋಡಿದೆ. ಕಾಶವ್ವ ದಿನಾ ಮಧ್ಯಾಹ್ನ ಬಂದು ಇದೇ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಏನು ಬೇಕೇ ಎಂದರೆ ಏನೂ ಬೇಡ ಎನ್ನುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೇ ಇರಲಿಲ್ಲ. ಕಾಲುಗಳು ಮಾತ್ರ ಅವಳನ್ನು ಇಲ್ಲಿಗೆ ತರುತ್ತಿದ್ದವು.

"ಮತ್ತ ನನ್ನವು ಎಲ್ಲಿ ಹೋದವು ಕಾಕಾ?" ಎಂದೆ. "ನೀ ನನ್ನ ಹೊರಾಂವ ಅಲ್ಲಂದ್ರ ಯಾರು?"

ಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಶವ್ವ ಮೊನ್ನೆ ಅವಳ ಮುಂದೆ ಅತ್ತಿದ್ದಳಂತೆ. ಸಣ್ಣವಳಿದ್ದಾಗಿನಿಂದ ತನ್ನ ಒಳಗೆ ತನಗೇ ಏನೋ ಬೇಕು ಅನಿಸುತ್ತದೆ, ಹೊರಗಿನವರಿಗೆ ಆಗುವಂತೆ ಆಗುತ್ತದೆ, ಯಾರಿಗೂ ಹೇಳಬೇಡ, ಮಾನ ಹೋಗುತ್ತದೆ ಎಂದಿದ್ದಳಂತೆ. ದಾರಿಯ ಕಡೆಗೆ ಎಳೆಯುತ್ತದೆ, ಇನ್ನು ತಡೆಯುವುದು ತನ್ನಿಂದಾಗದು ಎಂದಿದ್ದಳಂತೆ.

"ಯಾರಿಗೂ ತನ್ನದು ತನ್ನ ಎದ್ಯಾಗ ಏಳೂದಿಲ್ಲ ಈ ಊರಾಗ," ಎಂದರು ಕಾಕಾ. ಅಂದರೆ ಅವಳ ಎದೆಯಲ್ಲಿ ಎದ್ದದ್ದು ಅವಳದಲ್ಲ. ನನ್ನವು ಅವಳ ಬಳಿ ಇದ್ದವು. ನನಗೆ ಆಗಲೇ ಒಬ್ಬ ಹೊರುವವ ಇದ್ದದ್ದರಿಂದ, ಅವು ನನ್ನವಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ. ತನ್ನ ರೋಗ ಎಂದು ಮುಚ್ಚಿಟ್ಟುಕೊಂಡಳು.

ಪರಸಪ್ಪ ಊಟಕ್ಕೆ ಬಂದಾಗ ಇದನ್ನೆಲ್ಲ ಹೇಳಿದೆ. ಅವನು ಕೈ ತೊಳೆಯದೆ ನಿಂತೇ ಕೇಳಿದ.

"ಹಂಗಾದ್ರ ನಿನಗ ನಾ ಬೇಕಾಗಿದ್ದಿಲ್ಲ," ಎಂದ.

"ಬೇಕಾಗಿದ್ಯೋ ಇಲ್ಲೋ ನನಗ ಗೊತ್ತಿಲ್ಲ. ನಿನಗಾದ್ರ ನಾ ಬೇಕಾಗಿದ್ನಲ್ಲ?"

ಅವನು ತಲೆ ಅಲ್ಲಾಡಿಸಿದ. "ತಿಪ್ಪವ್ವ ಅವತ್ತು ಊರ ಮುಂದ ಅರ್ಧಾ ಹೇಳಿದ್ಲು. ನನ್ನ ಹಂತೇಲಿ ಪೂರಾ ಹೇಳಿದ್ಲು. ನಿಂಬೆವ್ವ ಬೇಕಂತಲ್ಲೋ ನಿನಗ, ನಿಂಬೆವ್ವಗ ನೀ ಬೇಕಾಗಬೇಕಂತ. ಅಷ್ಟs. ಹತ್ತೊಂಬತ್ತು ವರ್ಷ ಅದು ಸಿಕ್ಕೈತಿ ಅಂತ ತಿಳಿದಿದ್ದೆ."

ತಟ್ಟೆಯ ಮುಂದೆ ಕೂತವನು ಊಟ ಮಾಡಲಿಲ್ಲ. ಅವನು ನನಗೆ ಬೇಕಾಗಿದ್ದನೋ ಇಲ್ಲವೋ ಎಂಬುದು ಗೊತ್ತಿರುವ ಜೀವ ಊರಲ್ಲಿ ಒಂದೇ ಇತ್ತು, ಅದು ಊರು ಬಿಟ್ಟು ಹೋಗಿತ್ತು. ಚಪ್ಪಲಿ ಮೆಟ್ಟಿಕೊಂಡು ಹುಣಸೆ ಸಾಲಿನ ಕಡೆ ಹೊರಟೆ.

ಹದಿನಾರು ಮರಗಳ ನೆರಳು ದಾರಿಯ ಮೇಲೆ ಅಡ್ಡಡ್ಡ ಬಿದ್ದಿತ್ತು. ಊರು, ಹೊಲ, ಆಕಾಶ ಎಲ್ಲ ಅರ್ಧ ನಿದ್ದೆಯಲ್ಲಿದ್ದಂತೆ ಕಂಡವು. ಕಾಶವ್ವ ದೂರ ಹೋಗಿರಲೇ ಇಲ್ಲ. ಸಾಲು ದಾಟಿದ ಕೂಡಲೇ ಸಿಗುವ ಮೈಲಿಗಲ್ಲಿನ ಮೇಲೆ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮುಖ ಊದಿತ್ತು.

"ದಾಟಬ್ಯಾಡ ನಿಂಬಿ, ಅಲ್ಲೇ ನಿಲ್ಲು," ಎಂದಳು. "ಮರ ದಾಟಿದ್ದs ತಡ, ಹೋಗಬೇಕು ಅನ್ನೂದು ಹೋತು. ಎಲ್ಲಿಗೆ ಹೊಂಟಿದ್ದೆ ಅನ್ನೂದs ಮರತೆ. ಗಾಡಿ ಇಳಿದೆ. ಇಳಿದ ಮ್ಯಾಲ ನನ್ನವು ಬಂದು ಬಿದ್ದವು, ನಲವತ್ತೆರಡು ವರ್ಷದ್ದು ಒಮ್ಮೆಲೆ. ಬಳಿ, ಜೋಕಾಲಿ, ಕೌದಿ..." ಅಷ್ಟಕ್ಕೇ ನಿಲ್ಲಿಸಿದಳು. ನಾಲ್ಕನೆಯದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಕಾನ ತಪ್ಪನ್ನು ನಾನು ಹೇಳುವ ಮೊದಲೇ ಅವಳು ಆ ಕಲ್ಲಿನ ಮೇಲೆ ಕೂತು ತಿಳಿದುಕೊಂಡಿದ್ದಳು.

"ನನ್ನವು ನಿನ್ನ ಹಂತ್ಯಾಕ ಇದ್ವಲ್ಲ," ಎಂದೆ. "ಅದರಾಗ ಪರಸಪ್ಪ ಇದ್ದನೇನ?"

ಅವಳು ಯೋಚಿಸಿ ಹೇಳಿದಳು. "ಹೆಸರ ಬರೂದಿಲ್ಲ ನಿಂಬಿ. ಕಾಕಾನ್ನ ಕೇಳು ಬೇಕಾದ್ರ. ಬರೇ ಒಂದು ಎಳತ ಬರತೈತಿ. ಎತ್ತಾಗ ಎಳೀತೈತೋ ಅತ್ತಾಗ ನೋಡಿ, ಕಂಡದ್ದಕ್ಕ ನಾವs ಹೆಸರ ಇಡ್ತೀವಿ. ನನಗ ದಾರಿ ಕಾಣತಿತ್ತು. ದಾರಿ ಅಂದೆ."

"ಗಾಣಾನೂ ಅದs ದಿಕ್ಕಿಗೈತಲ್ಲ."

"ಐತಿ," ಎಂದಳು.

ನಾನು ದಾಟಿದೆ. ಬೇಡ ಬೇಡ ಎಂದು ಅವಳು ಎದ್ದು ನಿಂತಳು, ಅಷ್ಟರಲ್ಲಿ ದಾಟಿಯಾಗಿತ್ತು. ಏನೋ ದೊಡ್ಡದು ಬಂದು ಬೀಳುತ್ತದೆ ಎಂದು ಹಲ್ಲು ಕಚ್ಚಿ ನಿಂತೆ. ಎದೆಯಲ್ಲಿ ಒಂದು ಬಟ್ಟಲಿನಷ್ಟು ಜಾಗ ಖಾಲಿಯಾಯಿತು, ಅಷ್ಟೇ. ಆ ಖಾಲಿ ಮಾತ್ರ ಸುಮ್ಮನಿರಲೊಲ್ಲದು. ಮರ ನೋಡಿದೆ, ದಾರಿ ನೋಡಿದೆ, ಮೋಡ ನೋಡಿದೆ. ಯಾವುದನ್ನು ಇಟ್ಟರೂ ಆ ಬಟ್ಟಲು ತುಂಬುವುದಿಲ್ಲ ಅನಿಸಿತು. ಇದನ್ನು ಇವಳು ಇಷ್ಟು ವರ್ಷ ಹೊತ್ತು ತಿರುಗಿದಳಲ್ಲ ಎಂದು ಅವಳ ಮೇಲೆ ಕರುಳು ಕಿತ್ತುಬಂತು.

ಅಷ್ಟರಲ್ಲಿ ಪರಸಪ್ಪ ಓಡುತ್ತ ಬಂದ. ಸಾಲಿನ ಒಳಗೇ ನಿಂತು ಏದುಸಿರು ಬಿಟ್ಟ.

"ಗೊತ್ತಾತೇನ?" ಎಂದ. "ನಾ ಅದರಾಗ ಅದೀನೇನು?"

ಅವನನ್ನು ನೋಡಿದೆ. ನಲವತ್ತೇಳು ವರ್ಷದ ಗಂಡಸು, ಎಣ್ಣೆಯ ಕೈ, ಒಂದು ತೋಳು ಮಡಿಸಿದ, ಒಂದು ತೋಳು ಇಳಿಬಿಟ್ಟ ಅಂಗಿ. ಏನೂ ಆಗಲಿಲ್ಲ. ಸುಳ್ಳು ಹೇಳಿಬಿಡಲೇ ಎಂದು ಬಾಯಿ ತೆರೆದೆ. ಆಗ ಪಕ್ಕದಲ್ಲಿ ಕಾಶವ್ವ ತಲೆ ಎತ್ತಿದಳು. ಅವಳು ಅವನನ್ನು ನೋಡಿದ್ದನ್ನು ನಾನು ನೋಡಿದೆ. ತನ್ನ ಕಣ್ಣಿನಿಂದಲೇ, ತನಗಾಗಿಯೇ, ಮೊದಲ ಸಲ ನೋಡುತ್ತಿದ್ದಳು. ತನ್ನದೇ ಆದದ್ದನ್ನು ಮುಚ್ಚಿಡಲು ಅವಳಿಗೆ ಇನ್ನೂ ಬರುತ್ತಿರಲಿಲ್ಲ. ಅವಳ ನೋಟದ ಹಿಂದೆಯೇ ನನ್ನ ನೋಟವೂ ಹೋಯಿತು. ಆ ಇಳಿಬಿದ್ದ ತೋಳನ್ನು ಮಡಿಸಬೇಕು ಅನಿಸಿತು. ಬೇರೆ ಯಾರೂ ಅದನ್ನು ಮಡಿಸಬಾರದು ಅನಿಸಿತು. ಮೈಯೆಲ್ಲ ಬಿಸಿಯಾಗಿ, ಖಾಲಿಯಿದ್ದ ಜಾಗ ನೋಯತೊಡಗಿತು.

"ಅದೀ," ಎಂದೆ.

"ಯಾವಾಗಿಂದ?"

"ಈಗಿಂದ."

ಅವನು ಮುಖ ಮುಚ್ಚಿಕೊಂಡು ಅತ್ತ. ನನಗೆ ಸಂತೋಷವಾಯಿತು, ಕಳ್ಳತನ ಮಾಡಿದಂತೆಯೂ ಆಯಿತು. ಇದು ನನ್ನದೋ, ಅವಳಿಂದ ಅಂಟಿಕೊಂಡದ್ದೋ? ಎಲ್ಲರದೂ ಅವರವರದೇ ಆಗುವ ನೆಲದ ಮೇಲೆ ನಿಂತೂ ಗೊತ್ತಾಗಲಿಲ್ಲ.

ಕಾಶವ್ವ ಬುಟ್ಟಿ ಎತ್ತಿಕೊಂಡಳು.

"ಊರೊಳಗ ಬಾ," ಎಂದೆ. "ಒಳಗ ಬಂದ್ರ ನೋವು ಇರೂದಿಲ್ಲ. ಕಾಕಾ ಹೊರ್ತಾನ."

"ಇಷ್ಟು ದಿನ ಅಂವs ಹೊತ್ತಾನ. ಮುದುಕ ಆಗ್ಯಾನ, ಇನ್ನರ ಸುಖದಿಂದ ಇರಲಿ," ಎಂದಳು. "ನಂದು ನಾ ಹೊರ್ತೀನಿ. ನೋಯತೈತಿ, ಖರೆ. ಆದ್ರ ನಂದs ಐತಲ್ಲ."

ಪರಸಪ್ಪನ ಕಡೆ ಮತ್ತೊಮ್ಮೆ ನೋಡಲಿಲ್ಲ. ನನ್ನ ಗಲ್ಲ ಮುಟ್ಟಿ, ದಾರಿ ಹಿಡಿದು ನಡೆದಳು. ಹೋಗಬೇಡ ಎಂದು ಕೂಗಿದೆ. ಊರೊಳಗಾಗಿದ್ದರೆ ಕೂಗುವ ಕೆಲಸವೇ ಇರಲಿಲ್ಲ, ನನಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು. ಇಲ್ಲಿ ನನ್ನದು ಅವಳನ್ನು ಮುಟ್ಟಲಿಲ್ಲ. ಅವಳ ಸೀರೆಯ ಬಣ್ಣ ಧೂಳಿನಲ್ಲಿ ಕರಗುವ ತನಕ ನೋಡಿದೆ. ಅವಳಿಲ್ಲದ ಮಧ್ಯಾಹ್ನಗಳು ಹೇಗಿರುತ್ತವೆ ಎಂದು ಆಗಲೇ ಎದೆಗೆ ಗೊತ್ತಾಗುತ್ತಿತ್ತು.

"ಬಾ, ಮನೀಗೆ ಹೋಗೂಣು," ಎಂದ ಪರಸಪ್ಪ. ಕಣ್ಣೊರೆಸಿಕೊಂಡು, ಸಾಲಿನ ಒಳಗಿನಿಂದ ಕೈ ನೀಡಿದ.

ಕಾಲೆತ್ತಿದವಳು ನಿಂತೆ. ಒಳಗೆ ಹೋದರೆ ಇವೆಲ್ಲ ನನ್ನಿಂದ ಇಳಿದು ಹೋಗುತ್ತವೆ. ಹೊರುವವಳು ಊರಲ್ಲಿಲ್ಲ, ಯಾರ ಎದೆಗೂ ಹೋಗದೆ ಆರಿಹೋಗುತ್ತವೆ. ಕಾಶವ್ವ ನೆನಪಾದರೂ ಬೇಕೆನಿಸುವುದಿಲ್ಲ. ಇವನ ತೋಳು ಇಳಿಬಿದ್ದರೆ ಇಳಿಬಿದ್ದ ತೋಳು, ಅಷ್ಟೇ. ಅವನ ಜೊತೆ ಇನ್ನೂ ಇಪ್ಪತ್ತು ವರ್ಷ ಉಣ್ಣುತ್ತೇನೆ, ಉಣ್ಣಿಸುತ್ತೇನೆ, ಅವನು ಮಾತ್ರ ನನಗೆ ಬೇಕಾಗಿರುವುದಿಲ್ಲ.

"ನೀನs ಈ ಕಡೆ ಬಾ," ಎಂದೆ.

ಅವನು ನನ್ನನ್ನು ನೋಡಿದ. ನಮ್ಮ ನಡುವೆ ಇದ್ದದ್ದು ಒಂದು ಹೆಜ್ಜೆ, ಹುಣಸೆಯ ಒಣ ಎಲೆಗಳು.

"ಅಲ್ಲಿಗೆ ಬಂದ ಮ್ಯಾಲ," ಎಂದ ಮೆಲ್ಲಗೆ, "ನನಗ ನೀ ಬೇಕಾಗಲಿಲ್ಲಂದ್ರ?"

ನನಗೆ ಭಯವಾಯಿತು. ಅಂಥ ಭಯ ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಹಾಗೇನೂ ಆಗುವುದಿಲ್ಲ ಬಾ ಎಂದು ಹೇಳಲು ನನಗೇನು ಗೊತ್ತಿತ್ತು? ಕೈ ಚಾಚಿದೆ.

ಅವನು ಕಣ್ಣು ಮುಚ್ಚಿಕೊಂಡು ಹೆಜ್ಜೆ ಇಟ್ಟ. ಎಣ್ಣೆಯ ಕೈ ನನ್ನ ಕೈಗೆ ಸಿಕ್ಕಿತು. ಅವನು ಕಣ್ಣು ತೆರೆಯುವುದನ್ನು ಕಾಯುತ್ತ ನಿಂತೆ.